ಮಗಳಿಗೆ ಮದ್ದು, ಸೊಸೆಗೆ ಅಪಾಯ



ನಿಮ್ಮ ಮನೆಯ ಅಲಮಾರಿಯಲ್ಲೋ ಅಡುಗೆಮನೆಯ ಗೂಡಿನಲ್ಲೋ ಒಂದು ಡಬ್ಬಿ ಇದ್ದೇ ಇರುತ್ತದೆ. ಈದ್‌ಗೆ ಬಂದ ಮಿಠಾಯಿ ಡಬ್ಬಿಯೋ, ಹಳೆಯ ಬಿಸ್ಕತ್ತಿನ ಡಬ್ಬಿಯೋ, ಅಂತೂ ಅದರೊಳಗೆ ಅರ್ಧ ಖಾಲಿಯಾದ ಗುಳಿಗೆ ಪಟ್ಟಿಗಳು ತುಂಬಿರುತ್ತವೆ. ತಲೆನೋವಾದರೂ ಆ ಡಬ್ಬಿ, ಹಲ್ಲುನೋವಾದರೂ ಆ ಡಬ್ಬಿ, ಸೊಂಟ ಹಿಡಿದರೂ ಆ ಡಬ್ಬಿ, ಹೆಣ್ಣುಮಕ್ಕಳ ತಿಂಗಳ ಹೊಟ್ಟೆನೋವಿಗೂ ಅದೇ ಡಬ್ಬಿ. ಈ ಸಲ ನಿಮ್ಮೊಡನೆ ಮಾತಾಡಬೇಕೆಂದಿರುವುದು ಆ ಡಬ್ಬಿಯ ಬಗ್ಗೆಯೇ.

ನಾನು ಡಾಕ್ಟರಲ್ಲ, ಶಿಕ್ಷಕಿ. ಮನೆ ಬೀದರಿನಲ್ಲಿ, ಪಾಠ ಮಾಡುವುದು ಭಾಲ್ಕಿಯಲ್ಲಿ, ತವರು ಔರಾದ್. ದಿನವೂ ಬಸ್ಸಿನಲ್ಲಿ ಭಾಲ್ಕಿಗೆ ಹೋಗಿ ಬರುತ್ತೇನೆ, ತಿಂಗಳಿಗೊಮ್ಮೆ ಔರಾದ್‌ಗೆ ಹೋಗಿ ಅಮ್ಮಿಯನ್ನು ನೋಡಿ ಬರುತ್ತೇನೆ. ಒಂದೇ ವರ್ಷದಲ್ಲಿ ಈ ಎರಡು ಊರುಗಳಲ್ಲಿ ನಡೆದ ಎರಡು ಸಂಗತಿಗಳು ನನಗೆ ಆ ಡಬ್ಬಿಯನ್ನು ಹೊಸದಾಗಿ ನೋಡುವಂತೆ ಮಾಡಿದವು.

ಮೊದಲನೆಯದು ಭಾಲ್ಕಿಯದು. ಒಂಬತ್ತನೇ ತರಗತಿಯ ಕಿರುಪರೀಕ್ಷೆ ನಡೆಯುತ್ತಿತ್ತು. ಚುರುಕಾದ ಒಬ್ಬ ಹುಡುಗಿ ಬೆಂಚಿಗೆ ತಲೆಯಿಟ್ಟು, ಎರಡೂ ಕೈಗಳಿಂದ ಹೊಟ್ಟೆ ಒತ್ತಿ ಹಿಡಿದು ಕುಳಿತಿದ್ದಳು. ಉತ್ತರ ಪತ್ರಿಕೆಯಲ್ಲಿ ಅವಳ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಹತ್ತಿರ ಹೋದಾಗ ಮೆಲ್ಲಗೆ, “ಹೊಟ್ಟಿ ಭಾಳ ಬ್ಯಾನಿ ಆಗ್ಲತದ್ರಿ ಟೀಚರ್” ಎಂದಳು. ಮುಖ ಬಿಳಿಚಿತ್ತು, ಎರಡು ಸಲ ವಾಂತಿಯೂ ಆಗಿತ್ತು. ಆ ದಿನ ಹಾಜರಿ ಪುಸ್ತಕ ತಿರುವಿ ನೋಡಿದೆ. ಹೆಚ್ಚು ಕಡಿಮೆ ನಾಲ್ಕು ವಾರಕ್ಕೊಮ್ಮೆ ಎರಡು ದಿನ ಗೈರು. ವರ್ಷವಿಡೀ ನನ್ನ ಕಣ್ಣೆದುರಿಗೇ ಇದ್ದ ಆ ಲೆಕ್ಕವನ್ನು ನಾನೇ ಓದಿರಲಿಲ್ಲ.

ತಾಯಿಯನ್ನು ಕರೆಸಿದೆ. “ಸಬ್ ಔರತಾಂ ಕು ಹೋತಾಚ್ ಹೈ ಆಪಾ,” ಎಂದರು ಆಕೆ. ಎಲ್ಲ ಹೆಂಗಸರಿಗೂ ಆಗುವುದೇ, ಸಹಿಸಬೇಕು, ಮದುವೆಯಾದರೆ ತಾನೇ ಹೋಗುತ್ತದೆ ಎಂಬುದು ಅವರ ವಾದ. ಗುಳಿಗೆ ಕೊಟ್ಟಿದ್ದೀರಾ ಎಂದರೆ, “ತೋಬಾ! ಈ ವಯಸ್ಸಿಗೇ ಗುಳಿಗೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ” ಎಂದರು.

ಎರಡನೆಯದು ನನ್ನ ತವರಿನದೇ. ಭಾಭಿಗೆ ಆಗ ಏಳನೇ ತಿಂಗಳು. ಸೊಂಟನೋವೆಂದು ನರಳುತ್ತಿದ್ದಾರೆಂದು ನನ್ನ ಅಮ್ಮಿ ಪ್ರೀತಿಯಿಂದಲೇ ಡಬ್ಬಿ ತೆರೆದು, ನನ್ನ ತಂಗಿ ಮುಟ್ಟಿನ ನೋವಿಗೆ ನುಂಗುತ್ತಿದ್ದ ಗುಳಿಗೆಯನ್ನು ಸೊಸೆಗೆ ಕೊಟ್ಟರು. ದಿನಕ್ಕೆ ಎರಡು ಮೂರರಂತೆ ಹತ್ತು ಹನ್ನೆರಡು ದಿನ ನಡೆಯಿತು. ಬೀದರಿಗೆ ತಪಾಸಣೆಗೆ ಕರೆತಂದಾಗ ಸ್ಕ್ಯಾನಿಂಗ್‌ನಲ್ಲಿ ಗರ್ಭದ ನೀರು ಕಡಿಮೆಯಾಗಿರುವುದು ಕಂಡಿತು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ, “ಯಾವ ಗುಳಿಗೆ ತಗೊಳ್ತಾ ಇದ್ದೀರಿ?” ಎಂಬುದು. ಪಟ್ಟಿ ತೋರಿಸಿದಾಗ ಅವರು ತಲೆ ಮೇಲೆ ಕೈ ಹೊತ್ತರು. ಕೂಡಲೇ ನಿಲ್ಲಿಸಿದರು, ಮತ್ತೆ ಮತ್ತೆ ಸ್ಕ್ಯಾನಿಂಗ್ ಮಾಡಿಸಿದರು. ಅಲ್‌ಹಮ್ದುಲಿಲ್ಲಾಹ್, ನೀರು ಮತ್ತೆ ಏರಿತು. ಮಗು ಕ್ಷೇಮವಾಗಿ ಹುಟ್ಟಿತು. ಆದರೆ ಆ ಎರಡು ವಾರ ನಮ್ಮ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ.

ಎರಡೂ ಕಡೆಯ ಮಾತು ಒಂದೇ ಬಗೆಯ ಗುಳಿಗೆಯದು. ಒಬ್ಬಳಿಗೆ ಕೊಡದೇ ಇದ್ದದ್ದು ತಪ್ಪಾಯಿತು, ಇನ್ನೊಬ್ಬಳಿಗೆ ಕೊಟ್ಟದ್ದು ತಪ್ಪಾಯಿತು. ಏಕೆ? ಆ ಡಾಕ್ಟರಮ್ಮನ ಮುಂದೆ ಕುಳಿತು ಕೇಳಿ ತಿಳಿದದ್ದನ್ನೂ ಆ ಮೇಲೆ ಓದಿಕೊಂಡದ್ದನ್ನೂ ನಿಮ್ಮ ಮುಂದಿಡುತ್ತೇನೆ.

ನೋವು ಎಲ್ಲಿಂದ ಬರುತ್ತದೆ?

ಮದರಸಾದಲ್ಲಿ ನಾವು ಹೈಝ್‌ನ ಅಧ್ಯಾಯವನ್ನು ಓದಿದ್ದೆವು. ಕನಿಷ್ಠ ಎಷ್ಟು ದಿನ, ಗರಿಷ್ಠ ಎಷ್ಟು ದಿನ, ನಮಾಝ್ ಯಾವಾಗ, ರೋಝಾದ ಕಝಾ ಹೇಗೆ, ಎಲ್ಲವೂ ಬಾಯಿಪಾಠ. ಆಮೇಲೆ ಬಿ.ಎ. ಮಾಡಿದೆ, ಇತಿಹಾಸ ಓದಿದೆ. ಆದರೆ ಆ ದಿನಗಳಲ್ಲಿ ಹೊಟ್ಟೆ ಏಕೆ ನೋಯುತ್ತದೆ ಎಂದು ಮದರಸಾದಲ್ಲೂ ಕಾಲೇಜಿನಲ್ಲೂ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗರ್ಭಕೋಶವೆಂದರೆ, ನಮ್ಮ ಕಡೆ ‘ಬಚ್ಚೇದಾನಿ’ ಎನ್ನುತ್ತೇವಲ್ಲ, ಅದು ಒಂದು ಚೀಲ ಮಾತ್ರವಲ್ಲ. ಮುಷ್ಟಿಯಷ್ಟು ಗಾತ್ರದ, ದಪ್ಪ ಗೋಡೆಯ ಸ್ನಾಯು ಅದು. ಕೈಕಾಲಿನ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಇದು ಹಾಗಲ್ಲ, ತನಗೆ ಬಂದ ರಾಸಾಯನಿಕ ಸೂಚನೆಯಂತೆ ತಾನೇ ಬಿಗಿಯುತ್ತದೆ, ತಾನೇ ಸಡಿಲಾಗುತ್ತದೆ. ಪ್ರತಿ ತಿಂಗಳು ಅದರ ಒಳಪದರ ಗರ್ಭಕ್ಕಾಗಿ ಸಿದ್ಧವಾಗುತ್ತದೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ. ಆಗ ಆ ಒಳಪದರದಲ್ಲಿ ‘ಪ್ರೊಸ್ಟಾಗ್ಲಾಂಡಿನ್’ ಎಂಬ ಪದಾರ್ಥ ಹೆಚ್ಚಾಗಿ ತಯಾರಾಗುತ್ತದೆ. ಸ್ನಾಯುವಿಗೆ ‘ಹಿಂಡು’ ಎಂದು ಹೇಳುವುದು ಇದೇ. ಒದ್ದೆ ದುಪಟ್ಟಾ ಹಿಂಡಿದಂತೆ ಗರ್ಭಕೋಶ ತನ್ನನ್ನು ತಾನು ಹಿಂಡಿಕೊಂಡು ಹಳೆಯ ಪದರವನ್ನು ಹೊರಹಾಕುತ್ತದೆ.

ಪ್ರೊಸ್ಟಾಗ್ಲಾಂಡಿನ್ ಮಿತವಾಗಿದ್ದರೆ ಸಣ್ಣ ನೋವು. ಅತಿಯಾದರೆ ಹಿಂಡುವಿಕೆ ಬಿಗಿಯಾಗುತ್ತದೆ, ರಕ್ತನಾಳಗಳೂ ಮುದುಡುತ್ತವೆ. ಬೆರಳಿಗೆ ದಾರ ಬಿಗಿದು ಕಟ್ಟಿದರೆ ಬೆರಳು ಹೇಗೆ ನೋಯುತ್ತದೋ ಹಾಗೆ, ರಕ್ತ ಸಾಲದೆ ಸ್ನಾಯು ನೋಯುತ್ತದೆ. ತೀವ್ರ ನೋವಿರುವವರಲ್ಲಿ ಗರ್ಭಕೋಶದ ಒಳಗಿನ ಒತ್ತಡ ಕೆಲವೊಮ್ಮೆ 150 ಮಿಲಿಮೀಟರ್ ಪಾದರಸಕ್ಕಿಂತ ಮೇಲೇರುವುದನ್ನು ವೈದ್ಯರು ಅಳೆದು ನೋಡಿದ್ದಾರೆ. ನಮ್ಮ ಬಿ.ಪಿ.ಯ ಮೇಲಿನ ಅಂಕಿ 120 ಎಂಬುದನ್ನು ನೆನಪಿಸಿಕೊಳ್ಳಿ. ಇದೇ ಪದಾರ್ಥ ರಕ್ತದಲ್ಲಿ ಬೆರೆತು ಹೊಟ್ಟೆ ಕರುಳುಗಳಿಗೂ ಹೋಗುವುದರಿಂದ ವಾಂತಿ, ಭೇದಿ, ತಲೆನೋವು ಬರುತ್ತವೆ. ನನ್ನ ವಿದ್ಯಾರ್ಥಿನಿಗೆ ಆದದ್ದು ಇದೇ. ಅವಳು ನಾಟಕ ಮಾಡುತ್ತಿರಲಿಲ್ಲ, ನಾಜೂಕಿನವಳೂ ಆಗಿರಲಿಲ್ಲ.

1930ರಲ್ಲಿ ನ್ಯೂಯಾರ್ಕಿನ ಇಬ್ಬರು ವೈದ್ಯರು, ಕುರ್ಜ್‌ರಾಕ್ ಮತ್ತು ಲೀಬ್, ಗರ್ಭಕೋಶದ ಸ್ನಾಯುವಿನ ತುಣುಕನ್ನು ಬಿಗಿಗೊಳಿಸುವ, ಸಡಿಲಿಸುವ ಪದಾರ್ಥವೊಂದು ದೇಹದಲ್ಲಿದೆ ಎಂದು ಮೊದಲು ಕಂಡರು. ಕೆಲವೇ ವರ್ಷಗಳಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಅದಕ್ಕೆ ಪ್ರೊಸ್ಟಾಗ್ಲಾಂಡಿನ್ ಎಂಬ ಹೆಸರಿಟ್ಟರು. 1957ರಲ್ಲಿ ಇಂಗ್ಲೆಂಡಿನ ಪಿಕಲ್ಸ್ ಎಂಬ ವಿಜ್ಞಾನಿ, ಮುಟ್ಟಿನ ಸ್ರಾವದಲ್ಲಿಯೇ ಸ್ನಾಯುವನ್ನು ಬಿಗಿಗೊಳಿಸುವ ಪದಾರ್ಥವಿದೆ ಎಂದು ಪ್ರಕಟಿಸಿದರು. ಶತಮಾನಗಳಿಂದ ‘ಹೆಂಗಸರ ಸಂಕಟ’ ಎಂದು ಬದಿಗೆ ಸರಿಸಿದ್ದ ನೋವಿಗೆ ಹೀಗೆ ಒಂದು ಕಾರಣ ಸಿಕ್ಕಿತು.

ಗುಳಿಗೆ ಮಾಡುವುದೇನು?

1971ರಲ್ಲಿ ಜಾನ್ ವೇನ್ ಎಂಬ ಬ್ರಿಟಿಷ್ ವಿಜ್ಞಾನಿ, ಆಸ್ಪಿರಿನ್‌ನಂಥ ಔಷಧಿಗಳು ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ ಎಂದು ತೋರಿಸಿದರು. 1982ರಲ್ಲಿ ಅವರಿಗೂ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಸ್ಯಾಮುಯೆಲ್ಸನ್ ಅವರಿಗೂ ನೊಬೆಲ್ ಬಂತು.

ಉರಿಯೂತ ಕಡಿಮೆ ಮಾಡುವ ಈ ನೋವಿನ ಗುಳಿಗೆಗಳದ್ದು ದೊಡ್ಡ ಕುಟುಂಬ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೇನ್, ನ್ಯಾಪ್ರಾಕ್ಸೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಇವೆಲ್ಲ ಅದೇ ಮನೆತನದವು. ಅಂಗಡಿಯಲ್ಲಿ ಬೇರೆ ಬೇರೆ ಹೆಸರಿನಿಂದ ಸಿಗುತ್ತವೆ. ಪ್ಯಾರಾಸಿಟಮಾಲ್ ಈ ಕುಟುಂಬದ್ದಲ್ಲ. ಮುಟ್ಟಿನ ಗುಳಿಗೆಯ ಕೆಲವು ಪಟ್ಟಿಗಳಲ್ಲಿ ಮೆಫೆನಾಮಿಕ್ ಆಸಿಡ್ ಜೊತೆಗೆ ಡೈಸೈಕ್ಲೊಮಿನ್ ಎಂಬ ಇನ್ನೊಂದು ಔಷಧಿಯೂ ಇರುತ್ತದೆ. ಅದರ ಕೆಲಸ ಬೇರೆ, ಸ್ನಾಯು ಹಿಡಿತವನ್ನು ಸಡಿಲಿಸುವುದು.

ಮನೆಯ ತೊಟ್ಟಿಗೆ ನಲ್ಲಿಯಿಂದ ನೀರು ಬೀಳುತ್ತಿದೆ ಎಂದುಕೊಳ್ಳಿ. ಈ ಗುಳಿಗೆ ನಲ್ಲಿಯನ್ನು ತಿರುಗಿಸಿ ನಿಲ್ಲಿಸುತ್ತದೆ, ಆಗಲೇ ತೊಟ್ಟಿಯಲ್ಲಿ ತುಂಬಿದ್ದನ್ನು ತೆಗೆದು ಚೆಲ್ಲುವುದಿಲ್ಲ. ಅದಕ್ಕೇ ನೋವು ತಾರಕಕ್ಕೇರಿ ವಾಂತಿ ಶುರುವಾದ ಮೇಲೆ ನುಂಗಿದರೆ ಫಲ ಕಡಿಮೆ. ಸ್ರಾವ ಕಂಡ ಕೂಡಲೇ, ಇಲ್ಲವೇ ನೋವಿನ ಮೊದಲ ಸುಳಿವಿಗೇ ತೆಗೆದುಕೊಂಡರೆ ಪ್ರಯೋಜನ ಹೆಚ್ಚು. “ನಾನು ತಗೊಂಡೆ, ಏನೂ ಆಗಲಿಲ್ಲ” ಎನ್ನುವ ಎಷ್ಟೋ ಸಹೋದರಿಯರು ತಡವಾಗಿ ತೆಗೆದುಕೊಂಡವರು.

ಹಾಗೆಂದು ಇದು ಎಲ್ಲರಿಗೂ ಒಗ್ಗುವ ಮಾಂತ್ರಿಕ ಔಷಧಿಯೂ ಅಲ್ಲ. ಕಾಕ್ರೇನ್ ಎಂಬ ಸಂಸ್ಥೆ 2015ರಲ್ಲಿ 80 ಪ್ರಯೋಗಗಳನ್ನು, ಒಟ್ಟು 5,820 ಮಹಿಳೆಯರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿತು. ಔಷಧಿಯಿಲ್ಲದ ಹುಸಿ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 18 ಮಂದಿಗೆ ಆರಾಮವಾದರೆ, ಈ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 45ರಿಂದ 53 ಮಂದಿಗೆ ಆರಾಮವಾಗುತ್ತದೆ ಎಂಬುದು ಅದರ ಲೆಕ್ಕ. ಅಂದರೆ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳಿಗೆ ಒಳ್ಳೆಯ ಉಪಶಮನ. ಉಳಿದವರಿಗೆ ಬೇರೆ ದಾರಿ ಹುಡುಕಬೇಕು.

ಇನ್ನು ಆ ತಾಯಿಯ ಭಯದ ಮಾತು. ತಿಂಗಳಲ್ಲಿ ಎರಡು ಮೂರು ದಿನ, ಡಾಕ್ಟರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡ ಗುಳಿಗೆಯಿಂದ ಹುಡುಗಿಯ ಗರ್ಭಕೋಶ ಕೆಡುವುದಿಲ್ಲ, ಮುಂದೆ ಮಕ್ಕಳಾಗುವುದು ನಿಲ್ಲುವುದಿಲ್ಲ. ಗುಳಿಗೆಯ ಪ್ರಭಾವ ಕೆಲವು ಗಂಟೆಗಳದ್ದು, ಆಮೇಲೆ ದೇಹ ಅದನ್ನು ಹೊರಹಾಕುತ್ತದೆ. ಆದರೆ ಈಗಲೇ ಮಗುವಿಗಾಗಿ ಪ್ರಯತ್ನಿಸುತ್ತಿರುವವರು ತಿಂಗಳ ನಡುವೆ ಈ ಗುಳಿಗೆಗಳನ್ನು ನಿತ್ಯ ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಬೇಕು. ಅಂಡ ಬಿಡುಗಡೆಯಾಗುವುದಕ್ಕೂ ಪ್ರೊಸ್ಟಾಗ್ಲಾಂಡಿನ್ ಬೇಕು.

ಹೇಗೆ ತೆಗೆದುಕೊಳ್ಳಬೇಕು?

ನಮ್ಮ ಹೊಟ್ಟೆಯ ಒಳಗೋಡೆಯನ್ನು ಆಮ್ಲದಿಂದ ಕಾಯುವುದೂ ಪ್ರೊಸ್ಟಾಗ್ಲಾಂಡಿನ್‌ನ ಕೆಲಸ. ಗುಳಿಗೆ ಅದನ್ನೂ ತಡೆಯುತ್ತದೆ. ಅದಕ್ಕೇ ಹೊಟ್ಟೆ ಉರಿ, ಹುಣ್ಣು. ಏನಾದರೂ ತಿಂದ ಮೇಲೆ, ತುಂಬು ಲೋಟ ನೀರಿನೊಂದಿಗೆ ತೆಗೆದುಕೊಳ್ಳಬೇಕು.

ಇಲ್ಲಿ ರಮಝಾನ್‌ನ ಒಂದು ಮಾತು ಹೇಳಲೇಬೇಕು. ಮುಟ್ಟಿನ ದಿನಗಳಲ್ಲಿ ನಮಗೆ ರೋಝಾ ಇಲ್ಲ, ಅದು ಅಲ್ಲಾಹನೇ ಕೊಟ್ಟ ರಿಯಾಯಿತಿ. ಆದರೆ ಅಬ್ಬಾ, ಅಣ್ಣಂದಿರಿಗೆ ಗೊತ್ತಾದೀತೆಂಬ ನಾಚಿಕೆಯಿಂದ ಎಷ್ಟೋ ಹೆಣ್ಣುಮಕ್ಕಳು ಉಪವಾಸವಿರುವಂತೆಯೇ ನಟಿಸುತ್ತಾರೆ. ಸಹರಿಗೆ ಏಳುತ್ತಾರೆ, ಹಗಲೆಲ್ಲ ನೀರನ್ನೂ ಮುಟ್ಟುವುದಿಲ್ಲ. ನೋವು ತಾಳದೆ ಬಚ್ಚಲಿಗೆ ಹೋಗಿ ಬರಿಹೊಟ್ಟೆಗೆ ಗುಳಿಗೆ ನುಂಗುತ್ತಾರೆ. ಬೀದರ್ ಸೀಮೆಯ ಬೇಸಿಗೆಯಲ್ಲಿ ನೀರಿಲ್ಲದ ದೇಹಕ್ಕೆ ಈ ಗುಳಿಗೆ ಬಿದ್ದರೆ ಮೂತ್ರಪಿಂಡಕ್ಕೂ ಒತ್ತಡ, ಏಕೆಂದರೆ ಅಲ್ಲಿನ ರಕ್ತಸಂಚಾರವನ್ನು ಕಾಯುವುದರಲ್ಲೂ ಪ್ರೊಸ್ಟಾಗ್ಲಾಂಡಿನ್‌ಗೆ ಪಾಲಿದೆ. ತಾಯಂದಿರೇ, ಆ ದಿನಗಳಲ್ಲಿ ಮಗಳಿಗೆ ಅಡುಗೆಮನೆಯಲ್ಲಿ ಒಂದು ಮೂಲೆ, ಒಂದು ರೊಟ್ಟಿ, ಒಂದು ಲೋಟ ಹಾಲು ಮುಚ್ಚಿಟ್ಟು ಕೊಡಿ. ಅಲ್ಲಾಹನು ಕೊಟ್ಟ ಸೌಲಭ್ಯವನ್ನು ನಮ್ಮ ನಾಚಿಕೆ ಕಿತ್ತುಕೊಳ್ಳದಿರಲಿ.

ಇನ್ನೂ ಕೆಲವು ಎಚ್ಚರಿಕೆಗಳು. ಒಂದೇ ಕುಟುಂಬದ ಎರಡು ಗುಳಿಗೆಗಳನ್ನು ಒಟ್ಟಿಗೆ ನುಂಗಬಾರದು. ಹಲ್ಲುನೋವಿಗೊಂದು, ಹೊಟ್ಟೆನೋವಿಗೊಂದು ಎಂದು ಬೇರೆ ಬೇರೆ ಹೆಸರಿನಲ್ಲಿ ಕೊಂಡರೂ ಒಳಗಿರುವುದು ಒಂದೇ ಬಗೆಯದಾಗಿರಬಹುದು. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ನಿಜವಾದ ಹೆಸರನ್ನು ಓದಿ. ಹೊಟ್ಟೆ ಹುಣ್ಣು, ಅಸ್ತಮಾ, ಮೂತ್ರಪಿಂಡ ಅಥವಾ ಹೃದಯದ ತೊಂದರೆ, ಹಿಂದೆ ಯಾವುದೇ ನೋವಿನ ಗುಳಿಗೆಯಿಂದ ಅಲರ್ಜಿ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಜ್ವರವಿದ್ದು ಡೆಂಗಿಯ ಸಂಶಯವಿದ್ದರೂ ಬೇಡ, ರಕ್ತಸ್ರಾವ ಹೆಚ್ಚುವ ಅಪಾಯವಿದೆ.

2023ರ ನವೆಂಬರ್ 30ರಂದು ಭಾರತೀಯ ಔಷಧಕೋಶ ಆಯೋಗವು ಮೆಫೆನಾಮಿಕ್ ಆಸಿಡ್ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು. ಅಪರೂಪಕ್ಕೆ ಕೆಲವರಿಗೆ ‘ಡ್ರೆಸ್’ ಎಂಬ ತೀವ್ರ ಅಲರ್ಜಿ ಬರಬಹುದು ಎಂಬುದೇ ಅದು. ಮೈತುಂಬ ದದ್ದು, ಜ್ವರ, ಗ್ರಂಥಿಗಳ ಊತ ಇದರ ಲಕ್ಷಣ. ಗುಳಿಗೆ ಶುರುಮಾಡಿ ಎರಡರಿಂದ ಎಂಟು ವಾರಗಳ ನಂತರವೂ ಕಾಣಿಸಬಹುದು. ಸುದ್ದಿ ಕೇಳಿ ಗಾಬರಿಯಾಗಿ ಗುಳಿಗೆಯನ್ನೇ ತ್ಯಜಿಸಬೇಕಿಲ್ಲ, ಆದರೆ ಇಂಥ ದದ್ದು ಕಂಡರೆ ಗುಳಿಗೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗುಳಿಗೆಯ ಜೊತೆಗೆ, ಕೆಲವೊಮ್ಮೆ ಗುಳಿಗೆಯ ಬದಲಿಗೆ, ನಮ್ಮ ಅಜ್ಜಿಯರ ಶಾಖವನ್ನು ಮರೆಯಬೇಡಿ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೊಟ್ಟೆಯ ಮೇಲೆ ಸುಮಾರು 39 ಡಿಗ್ರಿಯ ಹಿತವಾದ ಶಾಖವನ್ನು ದಿನಕ್ಕೆ 12 ಗಂಟೆ ಇಟ್ಟವರಿಗೆ ಐಬುಪ್ರೊಫೇನ್ ನುಂಗಿದವರಷ್ಟೇ ಆರಾಮ ಸಿಕ್ಕಿತ್ತು. ಇರಾನಿನ ವಿದ್ಯಾರ್ಥಿನಿಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಒಣಶುಂಠಿಯ ಪುಡಿಯೂ ಈ ಗುಳಿಗೆಗಳಷ್ಟೇ ಕೆಲಸ ಮಾಡಿದ್ದು ಕಂಡಿತು. ಬಿಸಿನೀರಿನ ಚೀಲ, ಶುಂಠಿಯ ಕಾಢಾ, ಸ್ವಲ್ಪ ನಡೆದಾಟ, ಇವಕ್ಕೆ ಯಾರ ಚೀಟಿಯೂ ಬೇಡ.

ಗರ್ಭಿಣಿಗೆ ಏಕೆ ಬೇಡ?

ಈಗ ಔರಾದ್‌ನ ನನ್ನ ಭಾಭಿಯ ವಿಷಯಕ್ಕೆ ಬರೋಣ. ಮುಟ್ಟಿನಲ್ಲಿ ಕಾಟ ಕೊಡುವ ಅದೇ ಪ್ರೊಸ್ಟಾಗ್ಲಾಂಡಿನ್ ಗರ್ಭದೊಳಗಿನ ಮಗುವಿಗೆ ಕಾವಲುಗಾರ. ಸುಮಾರು 20 ವಾರಗಳ ನಂತರ ಗರ್ಭದ ನೀರು ಬಹುಪಾಲು ಮಗುವಿನ ಮೂತ್ರದಿಂದಲೇ ಆಗುತ್ತದೆ. ಮಗು ಆ ನೀರನ್ನು ಕುಡಿಯುತ್ತದೆ, ಮತ್ತೆ ಹೊರಬಿಡುತ್ತದೆ. ತಾಯಿ ನುಂಗಿದ ಗುಳಿಗೆ ಮಾಸಿನ ಮೂಲಕ ಮಗುವಿಗೂ ತಲುಪಿ ಅದರ ಪುಟ್ಟ ಮೂತ್ರಪಿಂಡಗಳ ಕೆಲಸವನ್ನು ಕುಗ್ಗಿಸುತ್ತದೆ. ಮೂತ್ರ ಕಡಿಮೆಯಾದರೆ ನೀರು ಕಡಿಮೆಯಾಗುತ್ತದೆ. ಸಾಕಷ್ಟು ನೀರಿಲ್ಲದಿದ್ದರೆ ಮಗುವಿನ ಶ್ವಾಸಕೋಶ, ಕೈಕಾಲುಗಳ ಬೆಳವಣಿಗೆಗೂ ತೊಂದರೆ.

ಎರಡನೆಯದು ಹೃದಯದ ಮಾತು. ಗರ್ಭದಲ್ಲಿ ಮಗು ಉಸಿರಾಡುವುದಿಲ್ಲ. ಆದ್ದರಿಂದ ರಕ್ತ ಶ್ವಾಸಕೋಶದ ಕಡೆ ಹೆಚ್ಚು ಹೋಗದೆ ಒಂದು ಸಣ್ಣ ಅಡ್ಡನಾಳದ ಮೂಲಕ ದಾಟಿಹೋಗುವಂತೆ ಅಲ್ಲಾಹನು ಏರ್ಪಾಡು ಮಾಡಿದ್ದಾನೆ. ಹುಟ್ಟಿದ ಮೇಲೆ ಆ ನಾಳ ತಾನಾಗಿ ಮುಚ್ಚುತ್ತದೆ. ಹುಟ್ಟುವವರೆಗೆ ಅದನ್ನು ತೆರೆದಿಡುವುದು ಪ್ರೊಸ್ಟಾಗ್ಲಾಂಡಿನ್. ಕೊನೆಯ ತಿಂಗಳುಗಳಲ್ಲಿ ಗುಳಿಗೆ ನುಂಗಿದರೆ ಆ ನಾಳ ಹೊತ್ತಿಗೆ ಮೊದಲೇ ಮುದುಡಿ ಮಗುವಿನ ಹೃದಯದ ಮೇಲೆ ಭಾರ ಬೀಳಬಹುದು.

ಮೂರನೆಯದು ಹೆರಿಗೆ. ಹೆರಿಗೆಯ ನೋವಿನಲ್ಲಿ ಗರ್ಭಕೋಶ ಬಿಗಿಯಲೂ ಪ್ರೊಸ್ಟಾಗ್ಲಾಂಡಿನ್ ಬೇಕು. ಈ ಗುಳಿಗೆ ಹೆರಿಗೆಯನ್ನು ತಡಮಾಡಬಹುದು, ರಕ್ತಸ್ರಾವವನ್ನು ಹೆಚ್ಚಿಸಬಹುದು.

ಮೊದಲು 30 ವಾರಗಳ ನಂತರ ಬೇಡ ಎಂದಿತ್ತು. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಗರ್ಭದ ನೀರು ಕಡಿಮೆಯಾದ ಪ್ರಕರಣಗಳನ್ನು ನೋಡಿ, 20 ವಾರಗಳಿಂದಲೇ, ಅಂದರೆ ಐದನೇ ತಿಂಗಳಿನಿಂದಲೇ ಇವನ್ನು ಬಿಡಬೇಕೆಂದು ಎಚ್ಚರಿಸಿತು. ಗುಳಿಗೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ನೀರು ಮತ್ತೆ ಏರುತ್ತದೆ ಎಂಬುದೇ ಸಮಾಧಾನ. ಮೊದಲ ತಿಂಗಳುಗಳಲ್ಲೂ ಸ್ವಂತ ನಿರ್ಧಾರ ಬೇಡ. ಗರ್ಭಿಣಿಗೆ ನೋವು, ಜ್ವರ ಬಂದರೆ ಸಾಮಾನ್ಯವಾಗಿ ಡಾಕ್ಟರು ಮೊದಲು ಸೂಚಿಸುವುದು ಪ್ಯಾರಾಸಿಟಮಾಲ್, ಅದೂ ಅವರು ಹೇಳಿದಷ್ಟೇ. ಬಿ.ಪಿ.ಯ ತೊಂದರೆ ತಡೆಯಲು ಕೆಲವು ಗರ್ಭಿಣಿಯರಿಗೆ ಡಾಕ್ಟರೇ ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದುಕೊಡುತ್ತಾರೆ. ಈ ಲೇಖನ ಓದಿ ಅದನ್ನು ನಿಲ್ಲಿಸಬೇಡಿ, ಅದು ಬೇರೆ.

ಗುಳಿಗೆ ಮಾತ್ರವಲ್ಲ, ಸೂಜಿಯ ಬಗ್ಗೆಯೂ ಜಾಗ್ರತೆ. ನಮ್ಮ ಹಳ್ಳಿಗಳ ಕಡೆ ‘ಒಂದು ಸೂಜಿ ಹಾಕಿಸಿಕೊಂಡರೆ ಆರಾಮ’ ಎಂಬ ನಂಬಿಕೆ ಗಟ್ಟಿ. ಸೊಂಟನೋವೆಂದು ಹೋದ ಗರ್ಭಿಣಿಗೆ ಕೊಡುವ ಸೂಜಿ ಡೈಕ್ಲೊಫೆನಾಕ್ ಆಗಿರಬಹುದು. ‘ನಾನು ಇಷ್ಟು ತಿಂಗಳ ಗರ್ಭಿಣಿ’ ಎಂದು ಮೊದಲು ಹೇಳಿ, ಆಮೇಲೆ ತೋಳು ಚಾಚಿ. ತಾಯಿ ಕಾರ್ಡನ್ನು ಕೈಯಲ್ಲೇ ಹಿಡಿದು ಹೋಗಿ.

ಅದೇ ಗುಳಿಗೆ, ಡಾಕ್ಟರ ಕೈಯಲ್ಲಿ

ವಿಚಿತ್ರವೆಂದರೆ ಡಾಕ್ಟರು ಇದೇ ಗುಣವನ್ನು ಬೇಕೆಂದೇ ಬಳಸುವುದುಂಟು. ಹೊತ್ತಿಗೆ ಮೊದಲೇ ಹೆರಿಗೆ ನೋವು ಶುರುವಾದಾಗ ಆಸ್ಪತ್ರೆಯಲ್ಲಿ, ಸಾಮಾನ್ಯವಾಗಿ 32 ವಾರದೊಳಗಿನವರಿಗೆ, ಸುಮಾರು 48 ಗಂಟೆಯ ಮಟ್ಟಿಗೆ ಇಂಡೊಮೆಥಸಿನ್ ಎಂಬ ಇದೇ ಕುಟುಂಬದ ಔಷಧಿ ಕೊಟ್ಟು ಗರ್ಭಕೋಶವನ್ನು ಶಾಂತಗೊಳಿಸುವುದುಂಟು. ಆ ಎರಡು ದಿನದಲ್ಲಿ ಮಗುವಿನ ಶ್ವಾಸಕೋಶ ಬಲಿಯುವ ಸೂಜಿ ಕೆಲಸ ಮಾಡಲಿ ಎಂದು.

ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ತದ್ವಿರುದ್ಧ ಕೆಲಸ. ಆಗ ಮಿಸೊಪ್ರೊಸ್ಟಾಲ್, ಕಾರ್ಬೊಪ್ರೊಸ್ಟ್ ಎಂಬ ಪ್ರೊಸ್ಟಾಗ್ಲಾಂಡಿನ್ ಜಾತಿಯ ಔಷಧಿಗಳನ್ನೇ ಕೊಟ್ಟು ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತ ನಿಲ್ಲಿಸುತ್ತಾರೆ. ನಮ್ಮ ಹುಡುಗಿಯನ್ನು ಬೆಂಚಿನ ಮೇಲೆ ಮಲಗಿಸಿದ ಪದಾರ್ಥವೇ ಬಾಣಂತಿಯ ಜೀವ ಉಳಿಸುತ್ತದೆ!

ಎರಡನೇ, ಮೂರನೇ ಹೆರಿಗೆಯಾದವರಿಗೆ ಮಗುವಿಗೆ ಹಾಲು ಕೊಡುವಾಗ ಹೊಟ್ಟೆ ಹಿಂಡುವ ನೋವು ಗೊತ್ತಿರುತ್ತದೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳುವ ನೋವು ಅದು. ಆಗ ಐಬುಪ್ರೊಫೇನ್ ಒಳ್ಳೆಯ ಉಪಶಮನ ನೀಡುತ್ತದೆ, ಎದೆಹಾಲಿಗೆ ಬಹಳ ಕಡಿಮೆ ಹೋಗುತ್ತದೆ. ಗರ್ಭಿಣಿಗೆ ಬೇಡವಾದದ್ದು ಬಾಣಂತಿಗೆ ಬೇಕಾಗಬಹುದು. ಗುಳಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಪ್ರಶ್ನೆಯೇ ಅಲ್ಲ. ಯಾರಿಗೆ, ಯಾವಾಗ ಎಂಬುದು ಪ್ರಶ್ನೆ.

ಗುಳಿಗೆಗೆ ಬಗ್ಗದ ನೋವು

ಗುಳಿಗೆಯನ್ನು ಸರಿಯಾಗಿ, ಸಮಯಕ್ಕೆ, ಮೂರು ತಿಂಗಳು ತೆಗೆದುಕೊಂಡರೂ ನೋವು ಬಗ್ಗದಿದ್ದರೆ ಪ್ರಮಾಣ ಹೆಚ್ಚಿಸಬೇಡಿ, ಸ್ತ್ರೀರೋಗ ತಜ್ಞೆಯನ್ನು ನೋಡಿ. ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಇದ್ದರೆ, ಮಲಮೂತ್ರ ವಿಸರ್ಜನೆಯಲ್ಲಿ ಅಥವಾ ದಾಂಪತ್ಯದಲ್ಲಿ ನೋವಿದ್ದರೆ, ಒಂದೆರಡು ಗಂಟೆಗೇ ಬಟ್ಟೆ ಬದಲಿಸಬೇಕಾದಷ್ಟು ಸ್ರಾವವಿದ್ದರೆ ಕೂಡ ತೋರಿಸಬೇಕು. ಗರ್ಭಕೋಶದ ಗಡ್ಡೆ, ಒಳಪದರ ಬೇರೆಡೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆಗಳು ಇದರ ಹಿಂದಿರಬಹುದು. ಮುಟ್ಟು ತಪ್ಪಿ, ಹೊಟ್ಟೆಯ ಒಂದು ಬದಿಗೆ ತೀವ್ರ ನೋವು, ತಲೆಸುತ್ತು ಬಂದರೆ ಒಂದು ಗಂಟೆಯೂ ಕಾಯಬೇಡಿ, ಗರ್ಭ ನಾಳದಲ್ಲಿ ನಿಂತಿರಬಹುದು. ಅದು ಜೀವಕ್ಕೆ ಅಪಾಯ.

ನೋವನ್ನು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಆಸ್ಪತ್ರೆಗೆ ಹೋದ ಅನೇಕ ಬಡ ಹೆಣ್ಣುಮಕ್ಕಳ, ಅದರಲ್ಲೂ ತಾಂಡಾದ ಸಹೋದರಿಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದುಹಾಕಿದ ಸಂಗತಿ 2015ರಲ್ಲಿ ಬಯಲಿಗೆ ಬಂದು ರಾಜ್ಯವೇ ತಲೆತಗ್ಗಿಸಿತು. ನೋವೇಕೆ ಬರುತ್ತದೆ, ಅದಕ್ಕೆ ಏನೇನು ದಾರಿಗಳಿವೆ ಎಂದು ಗೊತ್ತಿಲ್ಲದವಳಿಗೆ ‘ತೆಗೆಸಿಬಿಡು’ ಎಂದವರ ಮಾತೇ ಸರಿ ಎನಿಸುತ್ತದೆ.

ಬೀದರಿನಲ್ಲಿ 2007ರಲ್ಲಿ ಆರಂಭವಾದ ಬ್ರಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಭಾಲ್ಕಿ ಮತ್ತು ಔರಾದ್‌ಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಗರ್ಭಿಣಿಯರಿಗೆ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಸುವ ಯೋಜನೆ 2016ರಲ್ಲಿ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ, ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಒಪ್ಪಿಗೆ ನೀಡಿತು. ಸರಕಾರವೇ ನಿಜವೆಂದು ಒಪ್ಪಿದ ನೋವನ್ನು ಮನೆಯಲ್ಲಿ ನಾವು ‘ನಖರಾ’ ಎನ್ನುವುದು ಸರಿಯೇ?

ನಾಚಿಕೆ ಈಮಾನಿನ ಭಾಗ ನಿಜ. ಆದರೆ ಅನ್ಸಾರ್ ಮಹಿಳೆಯರು ಹೈಝ್‌ನ ವಿಷಯವನ್ನು ನೇರವಾಗಿ ಪ್ರವಾದಿ(ಸ)ರಲ್ಲೇ ಕೇಳಿ ತಿಳಿದುಕೊಂಡರು, ಅವರ ನಾಚಿಕೆ ಅವರ ಕಲಿಕೆಗೆ ಅಡ್ಡ ಬರಲಿಲ್ಲ ಎಂದು ಹಝ್ರತ್ ಆಯಿಶಾ(ರ) ಮೆಚ್ಚಿಕೊಂಡಿದ್ದಾರೆ. 1472ರಲ್ಲೇ ಮಹಮೂದ್ ಗವಾನರ ಮದರಸಾ ತಲೆಯೆತ್ತಿದ ಬೀದರ್ ನಮ್ಮದು. ಆ ಊರಿನ ಹೆಣ್ಣುಮಕ್ಕಳು ತಮ್ಮ ದೇಹದ ಬಗ್ಗೆ ಕೇಳಲು ಅಂಜಬಾರದು.

ಭಾಲ್ಕಿಯ ಆ ತಾಯಿ ಎರಡನೇ ಸಲ ಮಾತಾಡಿದ ಮೇಲೆ ಮಗಳನ್ನು ಡಾಕ್ಟರಮ್ಮನ ಬಳಿ ಕರೆದೊಯ್ದರು. ಹುಡುಗಿಗೆ ಬೇರೆ ಕಾಯಿಲೆಯೇನೂ ಇರಲಿಲ್ಲ. ಈಗ ಅವಳು ದಿನ ಲೆಕ್ಕವಿಟ್ಟು, ಊಟ ಮಾಡಿ, ಸಮಯಕ್ಕೆ ಗುಳಿಗೆ ತೆಗೆದುಕೊಳ್ಳುತ್ತಾಳೆ. ನೋವು ಪೂರ್ತಿ ಹೋಗಿಲ್ಲ, ಆದರೆ ಹಾಜರಿ ಪುಸ್ತಕದಲ್ಲಿ ಆ ಎರಡು ದಿನಗಳ ಗೈರು ಈಗ ಕಾಣುವುದಿಲ್ಲ.

ಔರಾದ್‌ನಲ್ಲಿ ಅಮ್ಮಿಯೂ ನಾನೂ ಕುಳಿತು ಆ ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆವು. ಅವಧಿ ಮುಗಿದವನ್ನು ಎಸೆದೆವು, ಹೆಸರು ಹರಿದುಹೋದವನ್ನೂ ಎಸೆದೆವು. ನೋವಿನ ಗುಳಿಗೆಗಳನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ, ಅಮ್ಮಿಗೆ ಓದಲು ಬರುವ ಉರ್ದುವಿನಲ್ಲಿ ಮೇಲೆ ಬರೆದೆ: ‘ಹಾಮಿಲಾ ಕೋ ನ ದೇಂ.’ ಗರ್ಭಿಣಿಗೆ ಕೊಡಬೇಡಿ. ಅಮ್ಮಿ ಅದನ್ನು ಎರಡು ಸಲ ಓದಿ, ಏನೂ ಹೇಳದೆ, ಡಬ್ಬಿಯನ್ನು ಮೇಲಿನ ಗೂಡಿಗೆ ಇಟ್ಟರು.

ಇವತ್ತು ಅಸರ್ ನಮಾಝ್ ಆದ ಮೇಲೆ ನಿಮ್ಮ ಮನೆಯ ಡಬ್ಬಿಯನ್ನೂ ಒಮ್ಮೆ ಇಳಿಸಿ ನೋಡಿ. ಮಗಳನ್ನೂ ಸೊಸೆಯನ್ನೂ ಜೊತೆಗೆ ಕೂರಿಸಿಕೊಳ್ಳಿ. ಅಲ್ಲಾಹನು ನಮ್ಮೆಲ್ಲರ ಮನೆಗಳಿಗೆ ಆರೋಗ್ಯವನ್ನೂ ತಿಳಿವಳಿಕೆಯನ್ನೂ ಕರುಣಿಸಲಿ. ಆಮೀನ್.